ಫಿಲ್ಟರ್ ತೆರೆಯದ ದುರಸ್ತಿ
ರಾಯಚೂರಿನ ನಮ್ಮ ಬಡಾವಣೆಯಲ್ಲಿ ಬೋರ್‌ವೆಲ್ ನೀರಿನಲ್ಲೇ ಬಟ್ಟೆ ಒಗೆಯಬೇಕಾಗಿರುವುದರಿಂದ, ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಕೊಳೆನೀರನ್ನು ಹೊರಹಾಕದೆ ನಿಂತುಬಿಡುವುದು ನಮಗೆ ಹೊಸದೇನಲ್ಲ. ಆದರೆ ದುರಸ್ತಿಗೆ ಬಂದವರು ಮುಂಭಾಗದ ಕೆಳಮೂಲೆಯ ಚಿಕ್ಕ ಮುಚ್ಚಳವನ್ನೂ ತೆರೆಯದೆ, ಮಷಿನ್‌ನ ನೀರು ಹೊರಹಾಕುವ ಪಂಪ್ ಸುಟ್ಟಿದೆ, ಹೊಸದನ್ನೇ ಹಾಕಿಸಿ ಎಂದು ಹೇಳಿ ಹೊರಟುಬಿಟ್ಟದ್ದು ನನಗೆ ಬಹಳ ಬೇಸರ ತಂದಿತು. ಬಳಿಕ ನಾನೇ ಕರೆಂಟಿನ ಪ್ಲಗ್ ತೆಗೆದು, ಕೆಳಗೆ ಅಗಲವಾದ ತಟ್ಟೆಯಿಟ್ಟು, ಆ ಮುಚ್ಚಳದ ಹಿಂದಿನ ಫಿಲ್ಟರನ್ನು ನಿಧಾನವಾಗಿ ತಿರುಗಿಸಿದಾಗ ನೂಲಿನ ಉಂಡೆ, ಅಂಗಿಯ ಗುಂಡಿ, ಒಂದು ರೂಪಾಯಿಯ ನಾಣ್ಯ, ಅವುಗಳ ಮೇಲೆಲ್ಲ ಸುಣ್ಣ ಬಳಿದಂತಹ ಬಿಳಿ ಪದರ ಕಂಡವು. ಬೋರ್‌ವೆಲ್‌ನ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಇಂತಹ ಪದರವನ್ನು ಕಟ್ಟುತ್ತವೆ. ತೊಳೆದು ಮತ್ತೆ ಹಾಕಿದೊಡನೆ ನೀರು ಸರಾಗವಾಗಿ ಹರಿಯಿತು. ಫಿಲ್ಟರನ್ನೂ, ಗೋಡೆಗೆ ಒತ್ತಿ ಮಡಚಿಕೊಳ್ಳುವ, ಕೊಳೆನೀರು ಹೊರಹೋಗುವ ಪೈಪನ್ನೂ ನೋಡದೆ ಪಂಪಿನ ಬೆಲೆ ಹೇಳುವವರನ್ನು ಜನ ಹೇಗೆ ನಂಬಬೇಕು?