ಹಿದುಕಿದ ಬೇಳೆಯೂ ರೆಡಿಮೇಡೇ

ಪ್ಯಾಕೆಟ್ ಆಹಾರದ ಮಾತೆತ್ತಿದರೆ ಸಾಕು, ‘ಮನೇಲೇ ಮಾಡ್ಕೊಳ್ಳಿ’ ಅನ್ನುವ ಉಪದೇಶ ಶುರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೊರಡುವ ಮನೆಯಲ್ಲಿ ಏಳು ಗಂಟೆಗೆ ಮಕ್ಕಳ ಡಬ್ಬಿ ತುಂಬಬೇಕಲ್ಲ, ಅದಕ್ಕೆ ಉಪದೇಶ ಸಾಲದು. ಅಷ್ಟಕ್ಕೂ ರೆಡಿಮೇಡ್ ನಮಗೇನು ಹೊಸದಲ್ಲ. ಅವಲಕ್ಕಿ, ಹುರಿಗಡಲೆ, ರಾಗಿ ಹುರಿಹಿಟ್ಟು, ಒಣ ಶಾವಿಗೆ ಎಲ್ಲವೂ ಯಾರೋ ಅರ್ಧ ಕೆಲಸ ಮುಗಿಸಿ ಕೊಟ್ಟ ಪದಾರ್ಥಗಳೇ. ಚಳಿಗಾಲದಲ್ಲಿ ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಹಿದುಕಿದ ಅವರೆಬೇಳೆ ಕೊಳ್ಳುವಾಗ, ನೆನೆಸಿ ಸಿಪ್ಪೆ ಹಿದುಕಿದ ಕೂಲಿಯನ್ನೂ ಸೇರಿಸಿಯೇ ಕೊಡುತ್ತೇವೆ. (ಕೊಳ್ಳುವ ಮುಂಚೆ ಮೂಸಿ ನೋಡಿ. ಹುಳಿ ವಾಸನೆ ಅಥವಾ ಲೋಳೆ ಇದ್ದರೆ ಬೇಡವೇ ಬೇಡ.)

ಹಾಗಾಗಿ ಅಂಗಡಿಯಲ್ಲಿ ನೋಡಬೇಕಾದ್ದು ಒಂದೇ: ಈ ಪ್ಯಾಕೆಟ್ ನನ್ನ ಯಾವ ಕೆಲಸ ಉಳಿಸುತ್ತದೆ? ರುಬ್ಬುವುದು, ಸುಲಿಯುವುದು, ಹುರಿಯುವುದು ಉಳಿದರೆ ಕೊಳ್ಳಬಹುದು. ಉಪ್ಪು, ಸಕ್ಕರೆ, ಎಣ್ಣೆ ಎಷ್ಟೆಂದು ಕಾರ್ಖಾನೆಯೇ ತೀರ್ಮಾನಿಸಿ ಕಳಿಸಿದ್ದರೆ ಎರಡು ಸಲ ಯೋಚಿಸಬೇಕು.

ಇಡ್ಲಿ-ದೋಸೆ ಹಿಟ್ಟು ಮೊದಲ ಗುಂಪಿನದು. ಅಕ್ಕಿ, ಉದ್ದಿನಬೇಳೆ, ಮೆಂತ್ಯ, ನೀರು, ಉಪ್ಪು. ಪಟ್ಟಿ ಇಲ್ಲಿಗೆ ಮುಗಿಯಬೇಕು. ಫ್ರಿಜ್‌ನಲ್ಲಿಟ್ಟರೂ ಹಿಟ್ಟು ನಿಧಾನವಾಗಿ ಹುಳಿಯುತ್ತಲೇ ಇರುತ್ತದೆ, ಹೊರಗೆ ಬಿಟ್ಟರೆ ಓಡುತ್ತದೆ. ಪ್ಯಾಕೆಟ್ ಬಿಗಿದು ಉಬ್ಬಿಕೊಂಡಿದ್ದರೆ ದಾರಿಯಲ್ಲೋ ಅಂಗಡಿಯಲ್ಲೋ ತಣ್ಣಗಿನ ಜಾಗ ತಪ್ಪಿದೆ ಅಂತಲೇ ಲೆಕ್ಕ. ಅಂಥ ಹಿಟ್ಟಿನ ಇಡ್ಲಿ ಚಪ್ಪಟೆಯಾಗುತ್ತದೆ, ಏಕೆಂದರೆ ಗಾಳಿ ಹಿಡಿದಿಡುವ ಶಕ್ತಿ ಹಿಟ್ಟಿನಲ್ಲಿ ಉಳಿದಿರುವುದಿಲ್ಲ. ಉಳಿದೆಲ್ಲ ಸಾಮಾನು ಆದಮೇಲೆ ಕೊನೆಯಲ್ಲಿ ಇದನ್ನು ಎತ್ತಿಕೊಳ್ಳಿ. ಮನೆಯಲ್ಲಿ ಬೇಕಾದಷ್ಟನ್ನೇ ಪಾತ್ರೆಗೆ ಬಗ್ಗಿಸಿ, ಉಳಿದದ್ದನ್ನು ತಕ್ಷಣ ಫ್ರಿಜ್‌ಗೆ ಸೇರಿಸಿ. ತುಸು ಹುಳಿ ಹೆಚ್ಚಾಗಿದ್ದರೆ ಒಂದು ಹಿಡಿ ರವೆ, ಈರುಳ್ಳಿ ಸೇರಿಸಿ ಪಡ್ಡು ಮಾಡಿ.

ಇನ್‌ಸ್ಟಂಟ್ ಇಡ್ಲಿ ಮಿಕ್ಸ್‌ನ ಕಥೆ ಬೇರೆ. ಹುದುಗು ಮಾಡುವ ಕೆಲಸವನ್ನು ಅಡುಗೆ ಸೋಡಾ ಮಾಡುತ್ತದೆ. ಲೇಬಲ್‌ನಲ್ಲಿ ಅದು 500(ii). ಪಕ್ಕದಲ್ಲಿ 330 ಇದ್ದರೆ ಅದು ನಿಂಬೆಹಣ್ಣಿನಲ್ಲೂ ಇರುವ ಸಿಟ್ರಿಕ್ ಆಮ್ಲ. ನಂಬರ್ ಕಂಡರೆ ಸಾಕು ವಿಷ ಎನ್ನುವ ವಾಟ್ಸ್ಆ್ಯಪ್ ಪಂಡಿತರನ್ನು ನಂಬಬೇಡಿ. ಆದರೆ ಸೋಡಾದಲ್ಲೂ ಸೋಡಿಯಂ ಇದೆ, ಉಪ್ಪಿನ ಜೊತೆ ಅದೂ ಕೂಡುತ್ತದೆ. ಅಪರೂಪಕ್ಕೆ ಸರಿ, ದಿನಾ ಬೇಡ.

ಸೋಡಿಯಂ ಲೆಕ್ಕ ಒಂದು ಸಲ ಕಲಿತರೆ ಸಾಕು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಲೇಬಲ್‌ಗೆ ಹಿಡಿದಿರುವ ದಿನದ ಸೋಡಿಯಂ ಪ್ರಮಾಣ 2000 ಮಿ.ಗ್ರಾಂ, ಅಂದರೆ ಸುಮಾರು 5 ಗ್ರಾಂ ಉಪ್ಪಿನಲ್ಲಿರುವಷ್ಟು. ನೂಡಲ್ಸ್ ಪ್ಯಾಕೆಟ್ಟಿನ ಮೇಲೆ 100 ಗ್ರಾಂಗೆ ಸೋಡಿಯಂ 1200 ಮಿ.ಗ್ರಾಂ ಎಂದಿದ್ದರೆ, 70 ಗ್ರಾಂ ಪ್ಯಾಕೆಟ್‌ನಲ್ಲಿ 840. ಒಂದು ತಟ್ಟೆಯಲ್ಲೇ ದೊಡ್ಡವರ ದಿನದ ಪಾಲಿನ 42 ಶೇಕಡಾ ಮುಗಿಯಿತು, ಮಕ್ಕಳ ಪಾಲು ಇನ್ನೂ ಕಡಿಮೆ. ತರಕಾರಿ ಹಾಕಿದ ಮಾತ್ರಕ್ಕೆ ಉಪ್ಪು ಕಮ್ಮಿಯಾಗದು. ಮಸಾಲೆ ಅರ್ಧವೇ ಹಾಕಿ, ಒಂದು ಪ್ಯಾಕೆಟ್ಟಿಗೆ ಕ್ಯಾರೆಟ್, ಬೀನ್ಸ್, ಒಂದು ಮೊಟ್ಟೆ ಕೂಡಿಸಿ ಇಬ್ಬರಿಗೆ ಹಂಚಿದರೆ ಕಮ್ಮಿಯಾಗುತ್ತದೆ.

ಮುಂಭಾಗದ ಚಿತ್ರಕ್ಕೆ ಮರುಳಾಗಬಾರದ ವಸ್ತುಗಳಲ್ಲಿ ರಾಗಿ ಬಿಸ್ಕತ್ತಿಗೆ ಮೊದಲ ಸ್ಥಾನ. ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ಪಾಮ್ ಎಣ್ಣೆ, ಅದರ ಹಿಂದೆ ರಾಗಿ ಇದ್ದರೆ ಅದು ಮೈದಾ ಬಿಸ್ಕತ್ತೇ. ಹೆಸರಿನಲ್ಲಿ ಎತ್ತಿ ಹೇಳಿದ ಪದಾರ್ಥದ ಶೇಕಡಾ ಎಷ್ಟೆಂದು ಪಟ್ಟಿಯಲ್ಲಿ ಬರೆಯಬೇಕೆಂಬ ನಿಯಮವಿದೆ, ಆ ಅಂಕಿ ಹುಡುಕಿ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಇವೆಲ್ಲ ಸಕ್ಕರೆಯ ಬಳಗವೇ. ಹೀಗೆ ಹಂಚಿ ಬರೆದಾಗ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಬ್ರೌನ್ ಬ್ರೆಡ್‌ನ ಬಣ್ಣವನ್ನೂ ಹೀಗೇ ಪರೀಕ್ಷಿಸಿ: 150a ಕಂಡರೆ ಅದು ಕ್ಯಾರಮೆಲ್ ಬಣ್ಣ.

ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಲ್ಲಿ ಇಡಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಮಾರಾಟಗಾರರಿಗೆ ಹೇಳಿತು. ಕಾನೂನಿನಲ್ಲಿ ಅಂಥದ್ದೊಂದು ವರ್ಗವೇ ಇಲ್ಲ. ಅದೇ ವರ್ಷದ ಜೂನ್‌ನಲ್ಲಿ, ಸಾಂದ್ರ ರಸಕ್ಕೆ ನೀರು ಬೆರೆಸಿದ ಜ್ಯೂಸಿನ ಮೇಲಿನ ‘100% ಹಣ್ಣಿನ ರಸ’ ಎಂಬ ಮಾತನ್ನೂ ತೆಗೆಯಲು ಸೂಚಿಸಿತು. ಹಾಲಿಗೆ ಹುರಿಹಿಟ್ಟು, ಚೂರು ಬೆಲ್ಲ ಕದಡಲು ಎರಡು ನಿಮಿಷ ಸಾಕು, ಬೆಲ್ಲ ಎಷ್ಟೆಂಬುದೂ ನಿಮ್ಮ ಕೈಯಲ್ಲೇ ಇರುತ್ತದೆ.

ಮಸಾಲಾ ಓಟ್ಸ್ ಬದಲು ಬರೀ ಓಟ್ಸ್, ಹಣ್ಣಿನ ಫ್ಲೇವರಿನ ಮೊಸರಿನ ಬದಲು ಸಾದಾ ಮೊಸರು. ಫ್ರೋಜನ್ ಪರೋಟ ಕೊಳ್ಳುವುದಾದರೆ ಸ್ಯಾಚುರೇಟೆಡ್ ಫ್ಯಾಟ್ ಸಾಲು ನೋಡಿ. ಲೇಬಲ್‌ನ ಲೆಕ್ಕದಲ್ಲಿ ದಿನದ ಪಾಲು 22 ಗ್ರಾಂ.

ಫ್ರೋಜನ್ ಬಟಾಣಿಗೆ ಮಾತ್ರ ನನ್ನ ಪೂರ್ತಿ ಓಟು. ಒಳಗೆ ಬಟಾಣಿ ಬಿಟ್ಟು ಬೇರೇನೂ ಇರಬಾರದು. ಪ್ಯಾಕೆಟ್ ಅಲ್ಲಾಡಿಸಿದರೆ ಕಾಳು ಬಿಡಿಬಿಡಿಯಾಗಿ ಉರುಳಬೇಕು. ಗಟ್ಟಿ ಮುದ್ದೆಯಾಗಿದ್ದರೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ, ವಾಪಸ್ ಇಡಿ. ಬೇಯಿಸುವಾಗ ಕೊನೆಯ ನಾಲ್ಕೈದು ನಿಮಿಷಕ್ಕೆ ಹಾಕಿ, ಮೊದಲೇ ಅರೆ ಬೆಂದಿರುತ್ತದೆ.