ದೊಡ್ಡ ಟೈರ್ ಮತ್ತು ಸ್ಪೀಡೋಮೀಟರ್: ಒಂದು ಸ್ಪಷ್ಟನೆ

ಟ್ರಕ್ಕಿಗೆ ಮೂಲ ಅಳತೆಗಿಂತ ದೊಡ್ಡ ಟೈರ್ ಹಾಕಿದರೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಹೆಚ್ಚು ತೋರಿಸುತ್ತದೆ, ಆದ್ದರಿಂದ ಮರುಹೊಂದಾಣಿಕೆ ಅನಗತ್ಯ ಎಂಬ ಮಾತು ಹರಿದಾಡುತ್ತಿದೆ. ವಾಸ್ತವ ಇದಕ್ಕೆ ತದ್ವಿರುದ್ಧ.

ಸ್ಪೀಡೋಮೀಟರ್ ನೆಲದ ಮೇಲಿನ ದೂರವನ್ನು ನೇರವಾಗಿ ಅಳೆಯುವುದಿಲ್ಲ. ಗೇರ್‌ಬಾಕ್ಸಿನ ಹೊರಶಾಫ್ಟ್ ಅಥವಾ ಚಕ್ರ ಎಷ್ಟು ಸುತ್ತು ತಿರುಗಿತೆಂಬುದನ್ನು ಎಣಿಸಿ, ಅದನ್ನು ತನ್ನಲ್ಲಿ ಮೊದಲೇ ದಾಖಲಾಗಿರುವ ಟೈರಿನ ಸುತ್ತಳತೆಯೊಂದಿಗೆ ಗುಣಿಸುತ್ತದೆ. ಟೈರ್ ದೊಡ್ಡದಾದಾಗ ಪ್ರತಿ ಸುತ್ತಿಗೂ ವಾಹನ ಹೆಚ್ಚು ದೂರ ಸಾಗುತ್ತದೆ, ಆದರೆ ಮೀಟರಿಗೆ ಅದು ತಿಳಿಯುವುದಿಲ್ಲ. ಉದಾಹರಣೆಗೆ, 265/70 ಆರ್17 ಟೈರಿನ ವ್ಯಾಸ ಸುಮಾರು 803 ಮಿ.ಮೀ., 285/70 ಆರ್17 ಟೈರಿನದು ಸುಮಾರು 831 ಮಿ.ಮೀ.; ಮೊದಲನೆಯದಕ್ಕೆ ನಿಖರವಾಗಿ ಹೊಂದಿಸಿದ ಮೀಟರ್ ಎರಡನೆಯದರೊಂದಿಗೆ 100 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 103.5 ಕಿ.ಮೀ. ಇರುತ್ತದೆ. ಓಡೋಮೀಟರ್ ಕೂಡ ಅದೇ ಪ್ರಮಾಣದಲ್ಲಿ ಕಡಿಮೆ ದಾಖಲಿಸುವುದರಿಂದ ಮೈಲೇಜ್ ಕುಸಿದಂತೆ ಕಾಣುತ್ತದೆ. ಎಂಜಿನ್ನನ್ನು ದೂರುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಈ ತಪ್ಪು ಕಲ್ಪನೆಗೆ ಒಂದು ಕಾರಣವಿದೆ. ವಿಶ್ವಸಂಸ್ಥೆಯ 39ನೇ ನಿಯಮಾವಳಿಯ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಹೀಗಾಗಿ ಅನೇಕ ತಯಾರಕರು ಅದನ್ನು ಸ್ವಲ್ಪ ಹೆಚ್ಚು ತೋರಿಸುವಂತೆ ಹೊಂದಿಸಿರುತ್ತಾರೆ. ದೊಡ್ಡ ಟೈರ್ ಆ ಅಂತರವನ್ನು ನುಂಗಿಹಾಕುತ್ತದೆ. ಆದುದರಿಂದ ಮೊದಲು ಸಮತಟ್ಟಾದ ನೇರ ರಸ್ತೆಯಲ್ಲಿ, ಸ್ಥಿರ ವೇಗದಲ್ಲಿ ಜಿಪಿಎಸ್‌ನೊಂದಿಗೆ ಹೋಲಿಸಿ ನೋಡಬೇಕು.

ಕೇಬಲ್ ಚಾಲಿತ ಹಳೆಯ ಟ್ರಕ್ಕುಗಳಲ್ಲಿ ಕೇಬಲ್ಲನ್ನು ತಿರುಗಿಸುವ ಚಿಕ್ಕ ಗೇರನ್ನು ಕಡಿಮೆ ಹಲ್ಲುಗಳಿರುವ ಗೇರಿಗೆ ಬದಲಾಯಿಸಬೇಕಾಗುತ್ತದೆ. ಎಲೆಕ್ಟ್ರಾನಿಕ್ ವಾಹನಗಳಲ್ಲಿ ಸಾಮಾನ್ಯವಾಗಿ ನಿಯಂತ್ರಣ ಘಟಕದಲ್ಲಿರುವ ಟೈರಿನ ಅಳತೆಯನ್ನು ಸ್ಕ್ಯಾನ್ ಉಪಕರಣದಿಂದ ತಿದ್ದಲಾಗುತ್ತದೆ.