ನನ್ನ ಪ್ರಭಾವ 41, ಕಕ್ಕಡದಲ್ಲಿ 29

ಮಡಿಕೇರಿಯಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್. ಇಪ್ಪತ್ತು ವರ್ಷ ಹೇಗೋ ನಡೆಯಿತು. ಹೋದ ವರ್ಷ ಮಾರ್ಕೆಟಿಂಗ್ ತಜ್ಞರೊಬ್ಬರು ಬಂದು, ‘ನಿಮ್ಮ ಇನ್‌ಫ್ಲುಯೆನ್ಸ್ ಎಷ್ಟು?’ ಅಂತ ಕೇಳಿದರು. ಬಿಪಿ ಎಷ್ಟು ಅಂದಿದ್ದರೆ ಹೇಳುತ್ತಿದ್ದೆ. ಶುಗರ್ ಕೂಡ ಹೇಳುತ್ತಿದ್ದೆ. ಇದೊಂದು ಗೊತ್ತಿರಲಿಲ್ಲ. ಅವರೇ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಅದು ಗಿರಗಿರ ಸುತ್ತಿ 41 ಅಂದಿತು. ನೂರಕ್ಕೆ. ಎಸ್ಸೆಸ್ಸೆಲ್ಸಿ ಗಣಿತದಲ್ಲೂ ನನಗೆ ಬಂದದ್ದು ಅಷ್ಟೇ. ಆಗ ಕೊನೇಪಕ್ಷ ಪಾಸು ಅಂದಿದ್ದರು.

‘10 ಲಕ್ಷ ಫಾಲೋವರ್ಸ್ ಗುರಿ ಇಟ್ಟುಕೊಳ್ಳಿ’ ಅಂದರು ತಜ್ಞರು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ತೊಟ್ಟಿಲ ಕೂಸಿನಿಂದ ಹಿಡಿದು ಹಲ್ಲಿಲ್ಲದ ಅಜ್ಜಿಯ ತನಕ ಎಲ್ಲರೂ ಸೇರಿದರೂ ಅರ್ಧ ದಾರಿ. ಮಿಕ್ಕಿದ್ದಕ್ಕೆ ತೋಟಕ್ಕೆ ನುಗ್ಗುವ ಆನೆಗಳನ್ನೇ ಕೇಳಬೇಕು. ಅವು ಆಗಲೇ ನಮ್ಮನ್ನು ಫಾಲೋ ಮಾಡುತ್ತಿವೆ ಬಿಡಿ.

ಮನುಷ್ಯರಿಗೆ ಹೀಗೆ ಮಾರ್ಕ್ಸ್ ಹಾಕುವ ಹುಚ್ಚು ಹೊಸದಲ್ಲ. 2008ರಲ್ಲಿ ಅಮೆರಿಕದಲ್ಲಿ ಕ್ಲೌಟ್ ಅಂತ ಒಂದು ವೆಬ್‌ಸೈಟ್ ಶುರುವಾಗಿತ್ತು. ಸೋಷಿಯಲ್ ಮೀಡಿಯಾದಲ್ಲಿ ಯಾರ ಪ್ರಭಾವ ಎಷ್ಟು ಅಂತ 1ರಿಂದ 100ರ ತನಕ ಅಂಕ. ಒಂದು ಕಾಲದಲ್ಲಿ ಅದರ ಲೆಕ್ಕದಲ್ಲಿ ಹಾಡುಗಾರ ಜಸ್ಟಿನ್ ಬೀಬರ್‌ಗೆ ನೂರಕ್ಕೆ ನೂರು, ಅಧ್ಯಕ್ಷ ಒಬಾಮಾಗೆ ಅದಕ್ಕಿಂತ ಕಡಿಮೆ. ಅಣುಬಾಂಬಿನ ಗುಂಡಿ ಕೈಯಲ್ಲಿದ್ದರೂ ಲೈಕ್ ಸಾಲಲಿಲ್ಲ, ಪಾಪ. 2012ರಲ್ಲಿ ಸೂತ್ರ ಬದಲಾಯಿಸಿದರು, ಒಬಾಮಾ ಮೇಲೆ ಬಂದರು. 2018ರ ಮೇ 25ಕ್ಕೆ ಆ ಅಂಗಡಿಯೇ ಬಾಗಿಲು ಹಾಕಿತು. ಅಷ್ಟು ಜನರ ಪ್ರಭಾವ ಒಂದೇ ದಿನಕ್ಕೆ ಎಲ್ಲಿ ಹೋಯಿತೋ! ತಜ್ಞರು ಇದನ್ನು ನನಗೆ ಹೇಳಲೇ ಇಲ್ಲ.

ನನಗೂ ಚಟ ಹತ್ತಿತು. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಹೂಬಿಟ್ಟು ಬೆಳ್ಳಗಾದವು. ಸರಿಯಾಗಿ ಆಗಲೇ 80 ಸಾವಿರ ಫಾಲೋವರ್ಸ್ ಇರುವ ಹುಡುಗನೊಬ್ಬ ಬಂದ. ಫ್ರೀಯಾಗಿ ಫೋಟೋ ತೆಗೆದುಕೊಟ್ಟರೆ ಟ್ಯಾಗ್ ಮಾಡುತ್ತಾನಂತೆ. ಅವನ ಹಿಂದಿನ ಫೋಟೋಗೆ ಬಂದ ಲೈಕು, ಕಾಮೆಂಟು ಎಲ್ಲ ಸೇರಿ 160. ಭಾಗಿಸಿ ನೋಡಿದರೆ ಶೇ 0.2. ಅಂದರೆ ಸಾವಿರ ಜನರಲ್ಲಿ ಇಬ್ಬರು ಎಚ್ಚರ ಇದ್ದಾರೆ. ಆದರೂ ಹೋದೆ. ಹಳೇ ಗಿರಾಕಿಯೊಬ್ಬರ ತೋಟ, ಕೇಳಿದ್ದೂ ಇಲ್ಲ. ಹುಡುಗ ಹೂಬಿಟ್ಟ ಕೊಂಬೆಯನ್ನು ಬಗ್ಗಿಸಿ ಕೆನ್ನೆಗೆ ಒತ್ತಿಕೊಂಡ. ಪಟ್ ಅಂತ ಮುರಿಯಿತು. ಒಂದೊಂದು ಹೂವೂ ಒಂದೊಂದು ಕಾಯಿ ಅಂತ ಅವನಿಗೆ ಯಾರು ಹೇಳಬೇಕು? ತೋಟದ ಮಾಲೀಕರು ಕೋವಿ ಹಿಡಿದು ಬಂದರು. ಹುಡುಗನಿಗೆ ಖುಷಿಯೋ ಖುಷಿ. ‘ಸೂಪರ್ ಪ್ರಾಪ್! ಅಂಕಲ್, ಅಲ್ಲೇ ನಿಂತ್ಕೊಳ್ಳಿ’ ಅಂದ.

ಆ ಫೋಟೋ ಓಡಿತು ನೋಡಿ! ನನ್ನ ಪ್ರಭಾವ 56. ಕಾಮೆಂಟುಗಳೆಲ್ಲ ಒಂದೇ: ‘ಲೊಕೇಶನ್ ಪ್ಲೀಸ್’. ಆರ್ಡರ್ ಒಂದೂ ಇಲ್ಲ. ಯಾರು ಲೊಕೇಶನ್ ಕೊಟ್ಟರೋ, ಮುಂದಿನ ಭಾನುವಾರ ಆ ತೋಟದ ಗೇಟಿನ ಮುಂದೆ ಆರು ಕಾರು. ಮಾಲೀಕರ ಮಗಳ ಮದುವೆ ಮೇ ತಿಂಗಳಲ್ಲಿತ್ತು. ಫೋಟೋಗೆ ನನ್ನನ್ನೇ ಹೇಳಿದ್ದರು. ಆಮೇಲೆ ಹೇಳಲಿಲ್ಲ ಅಂತಾಯಿತು.

ನಮ್ಮ ಕಡೆ ಇನ್‌ಫ್ಲುಯೆನ್ಸರ್ ಅಂದರೆ ಅರುವ. ಕೊಡವ ಮದುವೆಯಲ್ಲಿ ಮನೆಯವರ ಪರವಾಗಿ ನಿಂತು ಮಾತಾಡುವ ಹಿರಿಯರು. ಅಂಥ ಒಬ್ಬರು ‘ಅವನನ್ನೇ ಕರೆಯಿರಿ’ ಅಂದದ್ದರಿಂದ ನನಗೆ ಬಂದ ಮದುವೆಗಳಿಗೆ ಲೆಕ್ಕವಿಲ್ಲ. ಅವರ ಹತ್ತಿರ ಇರುವುದು ಬಟನ್ ಫೋನು. ಆ್ಯಪಿನ ಪ್ರಕಾರ ಅವರು ಹುಟ್ಟಿಯೇ ಇಲ್ಲ. ಅವರು ಆಲ್ಬಮ್ ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಬಾಳೆ ಕಡಿಯುವ ಫೋಟೋ. ಬಾಳೆದಿಂಡು ಕಡಿಯುವುದು ನಮ್ಮ ಮದುವೆಯ ಒಂದು ಶಾಸ್ತ್ರ. ಕೊಡವರ ಅಗಲದ ಕತ್ತಿ, ಒಡಿಕತ್ತಿ, ಬೀಸಿದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಹೋದ ಸಲ ಒಂದು ಮದುವೆಯಲ್ಲಿ ರೀಲ್ಸ್ ಮಾಡುವ ಹುಡುಗ ಅದನ್ನು ತಪ್ಪಿಸಿಕೊಂಡು, ‘ಇನ್ನೊಂದ್ಸಲ ಕಡೀರಿ ಅಂಕಲ್’ ಅಂದುಬಿಟ್ಟ. ಅಂಕಲ್ ಕೈಯಲ್ಲಿ ಒಡಿಕತ್ತಿ ಇನ್ನೂ ಹಾಗೇ ಇತ್ತು. ವಾಲಗದವರೂ ನಿಲ್ಲಿಸಿಬಿಟ್ಟರು.

ಕೊಡವರ ಮಳೆಗಾಲದ ತಿಂಗಳು ಕಕ್ಕಡ ಬಂತು. ಮದುವೆಗಳಿಲ್ಲ. ಮಳೆ ಅಂದರೆ ಮಳೆ. ನಾಲ್ಕು ದಿನ ಕರೆಂಟಿಲ್ಲ, ಟವರಿಲ್ಲ. ಕರೆಂಟು ಬಂದಾಗ ಆ್ಯಪಿನಿಂದ ಏಳು ಮೆಸೇಜು ಒಟ್ಟಿಗೇ ಬಿದ್ದವು. ‘ನಿಮ್ಮ ಪ್ರಭಾವ ಕುಸಿಯುತ್ತಿದೆ.’ 56 ಇದ್ದದ್ದು 29. ಮಳೆಗೆ ಕುಸಿಯುವುದು ಗುಡ್ಡ ಮಾತ್ರ ಅಂದುಕೊಂಡಿದ್ದೆ. ಮಾರನೇ ದಿನ ಕಕ್ಕಡ 18, ಮದ್ದುಸೊಪ್ಪು ತಿನ್ನುವ ದಿನ. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ, ಸೊಪ್ಪಿನದೇ ಆದ ಅದೇ ನೇರಳೆ ಬಣ್ಣ. ತಡೆಯಲಾಗದೆ ಒಂದು ಫೋಟೋ ಹಾಕಿದೆ. ದೂರದ ಊರಿನವರೊಬ್ಬರು ತಕ್ಷಣ ಕೇಳಿದರು: ‘ಸರ್, ಯಾವ ಫಿಲ್ಟರ್?’

ಉತ್ತರ ಟೈಪ್ ಮಾಡುವಷ್ಟರಲ್ಲಿ ಪಕ್ಕದ ಮನೆಯವರು ಕೊಡೆ ಮಡಚಿ ಒಳಗೆ ಬಂದರು. ಯಾವುದೋ ಅರ್ಜಿಗೆ ಎಂಟು ಪಾಸ್‌ಪೋರ್ಟ್ ಫೋಟೋ ಬೇಕಂತೆ, ಅರ್ಜೆಂಟು. ಫಿಲ್ಟರ್ ಬೇಡವಂತೆ. ಎರಡೂ ಕಿವಿ ಕಾಣಬೇಕಂತೆ.